ತಾಲ್ಲೂಕಿಗೊಂದು ಪ್ರಾಣಿ, ಚಿತ್ರಕ್ಕೊಂದು ವಿಳಾಸ

ಅಕ್ಟೋಬರ್ ಮೊದಲ ವಾರ ವನ್ಯಜೀವಿ ಸಪ್ತಾಹ. ಆ ವಾರ ಕರ್ನಾಟಕದ ಯಾವ ಶಾಲೆಗೆ ಕಾಲಿಟ್ಟರೂ ಗೋಡೆಯ ಮೇಲೆ ಒಂದೇ ಚಿತ್ರ: ಕಣ್ಣೀರು ಸುರಿಸುವ ಭೂಗೋಳ, ಅದರ ಎಡಕ್ಕೆ ಹಸಿರು, ಬಲಕ್ಕೆ ಬೋಳು, ನಡುವೆ ಒಂದು ಹುಲಿ, ಕೆಳಗೆ ‘ಗಿಡ ನೆಡಿ, ಪ್ರಾಣಿ ಉಳಿಸಿ’. ಬೀದರಿನಲ್ಲೂ ಅದೇ, ಭಟ್ಕಳದಲ್ಲೂ ಅದೇ. ಮೂರು ಬಹುಮಾನ, ಎರಡು ಸಮಾಧಾನಕರ ಬಹುಮಾನ, ಒಂದು ಗ್ರೂಪ್ ಫೋಟೊ. ಎಂಟನೇ ತಾರೀಕಿಗೆ ಸಪ್ತಾಹ ಮುಗಿಯುತ್ತದೆ. ಆಮೇಲೆ ಹಾಳೆಗಳನ್ನೆಲ್ಲ ಸುರುಳಿ ಸುತ್ತಿ ಸ್ಟಾಫ್ ರೂಮಿನ ಬೀರುವಿನ ಮೇಲೆ ಎಸೆಯುತ್ತಾರೆ. ಇಲಿಗಳಿಗೆ ಅನುಕೂಲವಾಗುತ್ತದೆ ಎಂಬುದನ್ನು ಬಿಟ್ಟರೆ ಯಾವ ಪ್ರಾಣಿಗೂ ಇದರಿಂದ ಉಪಕಾರವಾದ ದಾಖಲೆಯಿಲ್ಲ.

ಈ ಚಿತ್ರ ಇನ್ನು ಸಾಕು ಎನ್ನುವವರು ಸೇರಿ ಕಟ್ಟುತ್ತಿರುವ ಬಳಗ ನಮ್ಮದು. ಚಿತ್ರಕಲಾ ಶಿಕ್ಷಕರಿದ್ದೇವೆ, ವಿಜ್ಞಾನದ ಮೇಷ್ಟ್ರುಗಳಿದ್ದೇವೆ, ಭಾನುವಾರ ಬೈನಾಕ್ಯುಲರ್ ಹಿಡಿದು ಕೆರೆ ಏರಿ ಸುತ್ತುವವರಿದ್ದೇವೆ, ಬಣ್ಣ-ಮಣ್ಣು-ತೊಗಲಿನಲ್ಲಿ ಕೈಯಾಡಿಸಿ ಬದುಕುವ ಮನೆತನಗಳವರಿದ್ದೇವೆ. ಬಳಗಕ್ಕೆ ಹೆಸರು ಇನ್ನೂ ಇಟ್ಟಿಲ್ಲ. ಹೆಸರಿನ ಚರ್ಚೆಗೆ ಕೂತರೆ ಒಂದು ವರ್ಷ ಅದರಲ್ಲೇ ಕಳೆಯುತ್ತದೆಂದು ಗೊತ್ತಿರುವುದರಿಂದ ಆ ಕೆಲಸ ಮಕ್ಕಳಿಗೆ ಬಿಟ್ಟಿದ್ದೇವೆ.

ನಾವು ಹೇಳುವುದು ಇಷ್ಟೇ. ಒಂದು ಪ್ರಾಣಿ ಅಳಿಯುವುದು ‘ಪ್ರಪಂಚ’ದಲ್ಲಲ್ಲ, ಇಂಥ ಊರಿನ ಇಂಥ ಹೊಲದಲ್ಲಿ, ಇಂಥ ಹೊಳೆಯ ಇಂಥ ಮಡುವಿನಲ್ಲಿ. ಅದಕ್ಕೆ ಇಂಥದೇ ಎಂಬ ಕಾರಣವೂ ಇರುತ್ತದೆ. ಜಾಗ ಗೊತ್ತಿಲ್ಲದೆ, ಕಾರಣ ತಿಳಿಯದೆ ಬರೆದ ಚಿತ್ರ ಪ್ರಾಣಿಯ ಪರ ವಕಾಲತ್ತು ವಹಿಸಲಾರದು. ಕೆಲವು ಸಲ ಅದು ಎದುರು ಪಾರ್ಟಿಯ ಪರವಾಗಿಯೇ ವಾದಿಸಿ ಬರುತ್ತದೆ.

ಎರೆಭೂತದ ಸಂಗತಿ ನೋಡಿ. ಕೆಲವು ಕಡೆ ಎರ್ಲಡ್ಡು ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ನಿಂತರೆ ಸುಮಾರು ಒಂದು ಮೀಟರ್ ಎತ್ತರ. ಗಂಡು 15 ಕಿಲೋವರೆಗೂ ತೂಗುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಇದಕ್ಕಿಂತ ಭಾರದವು ಬೆರಳೆಣಿಕೆಯಷ್ಟು. ಇಡೀ ದೇಶದಲ್ಲಿ ಈಗ ಉಳಿದಿರುವುದು 150ಕ್ಕೂ ಕಡಿಮೆ, ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸುತ್ತ. ನಮ್ಮಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಹೊಲಗಳ ಕಡೆ ಬೆರಳಲ್ಲಿ ಎಣಿಸುವಷ್ಟು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಮರದ ಮೇಲೆ ಕೂರುವ ಹಕ್ಕಿಯಲ್ಲ ಇದು. ಅದಕ್ಕೆ ಬೇಕಾದದ್ದು ಕಣ್ಣು ಹಾಯುವಷ್ಟು ದೂರ ಬಯಲು, ಮೊಣಕಾಲೆತ್ತರದ ಹುಲ್ಲು, ಮಿಡತೆ, ಅಕ್ಕಪಕ್ಕ ಒಂದಷ್ಟು ಜೋಳ-ಕಡಲೆಯ ಹೊಲ.

ಈಗ ಸಿರುಗುಪ್ಪದ ಐದನೇ ಕ್ಲಾಸಿನ ಹುಡುಗಿಯೊಬ್ಬಳು ‘ಗಿಡ ನೆಡಿ, ಪ್ರಾಣಿ ಉಳಿಸಿ’ ಎಂದು ಬರೆದು ಮೊದಲ ಬಹುಮಾನ ಪಡೆದಳು ಎನ್ನಿ. ಅವಳು ಹೇಳಿದಂತೆ ಯಾರಾದರೂ ಆ ಹುಲ್ಲುಗಾವಲಿನ ತುಂಬ ಗಿಡ ನೆಟ್ಟರೆ ಎರೆಭೂತಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ. ಇದು ಕಲ್ಪನೆಯ ಮಾತಲ್ಲ. ರಾಣೆಬೆನ್ನೂರಿನ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು. ಕೃಷ್ಣಮೃಗದ ಜೊತೆ ಎರೆಭೂತಕ್ಕೂ ಆ ಜಾಗ ಹೆಸರಾಗಿತ್ತು. ಅಲ್ಲಿನ ಬಯಲಿನ ದೊಡ್ಡ ಪಾಲನ್ನು ನೀಲಗಿರಿ ನೆಡುತೋಪು ಆವರಿಸಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ಎರೆಭೂತ ಈಗ ಅಲ್ಲಿಲ್ಲ. ಹುಲ್ಲುಗಾವಲನ್ನು ಸರ್ಕಾರಿ ಕಾಗದಗಳು ಬಹುಕಾಲ ‘ಬಂಜರು’ ಎಂದೇ ಕರೆದವು. ನಮ್ಮ ಡ್ರಾಯಿಂಗ್ ಶೀಟುಗಳೂ ಹಾಗೆಯೇ ನಡೆದುಕೊಂಡಿವೆ: ಹಸಿರು ಕ್ರೇಯಾನ್ ಎಂದರೆ ಒಳ್ಳೆಯದು, ಕಂದು ಕ್ರೇಯಾನ್ ಎಂದರೆ ಕೆಟ್ಟದ್ದು. ಒಣ ಹುಲ್ಲಿನ ಬಣ್ಣವನ್ನು ಪ್ರೀತಿಯಿಂದ ಬರೆಯಲು ಕಲಿಯುವುದೇ ಬಯಲುಸೀಮೆಯ ಮಗುವಿಗೆ ಅಳಿವಿನ ಮೊದಲ ಪಾಠವಾಗಬೇಕು.

ಹೀಗಾಗಿ ನಮ್ಮ ಮೊದಲ ಒಪ್ಪಂದ ತಾಲ್ಲೂಕಿಗೊಂದು ಪ್ರಾಣಿ. ಹುಲಿ, ಪಾಂಡಾ, ಹಿಮಕರಡಿಗಳ ಮೇಲೆ ನಮಗೆ ದ್ವೇಷವಿಲ್ಲ; ಅವುಗಳಿಗೆ ವಕೀಲರು ಸಾಕಷ್ಟಿದ್ದಾರೆ. ರಾಮನಗರದ ಮಕ್ಕಳಿಗೆ ಉದ್ದಕೊಕ್ಕಿನ ರಣಹದ್ದು. ಶಿರಸಿ-ಹೊನ್ನಾವರದ ಕಡೆಯವರಿಗೆ ಸಿಂಗಳೀಕ. ಕಾವೇರಿ ದಂಡೆಯವರಿಗೆ ಬಿಳಿಮೀನು. ಅದರಲ್ಲೂ ಕಾವೇರಿ ಮತ್ತದರ ಉಪನದಿಗಳಲ್ಲಿ ಮಾತ್ರ ಇರುವ ಗೂನುಬೆನ್ನಿನದು, 50 ಕಿಲೋ ಮೀರಿ ಬೆಳೆಯುವಂಥದ್ದು. 2018ರಲ್ಲಿ ಅದು ಅಳಿವಿನ ಅಂಚಿನ ಪಟ್ಟಿ ಸೇರಿತು. ಹಂಪಿ-ಕಂಪ್ಲಿಯವರಿಗೆ ತುಂಗಭದ್ರೆಯ ನೀರುನಾಯಿ, ಮದ್ದೂರಿನವರಿಗೆ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ. ಸಿದ್ದಾಪುರದವರ ಪಾಲಿಗೆ ಕತ್ತಲೆಕಾನಿನ ಕುಂಬಾರ ಕಪ್ಪೆ ಬಂದಿದೆ, ಅವರ ಅದೃಷ್ಟಕ್ಕೆ ನಮಗೆ ಸ್ವಲ್ಪ ಹೊಟ್ಟೆಕಿಚ್ಚೇ. 2014ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಈ ಪುಟ್ಟ ಕಪ್ಪೆಯಲ್ಲಿ ಗಂಡು ಮೊಟ್ಟೆಗಳ ಮೇಲೆ ಮುಂಗೈಯಿಂದ ಹಸಿ ಮಣ್ಣು ಮೆತ್ತುತ್ತದೆ. ಜೇಡಿಮಣ್ಣಿನ ಕ್ಲಾಸಿಗೆ ಇದಕ್ಕಿಂತ ಒಳ್ಳೆಯ ಗುರುವನ್ನು ಯಾವ ಇಲಾಖೆ ನೇಮಿಸೀತು?

ಪ್ರಾಣಿ ಸಣ್ಣದಿರಲಿ, ಕುರೂಪಿಯಿರಲಿ, ಊರವರ ಕಣ್ಣಿಗೆ ಅಪಶಕುನವೇ ಆಗಿರಲಿ. ಹತ್ತಿರದ್ದಾಗಿರಬೇಕು, ಅಷ್ಟೇ.

ಎರಡನೆಯದು ನೋಡುವ ಕೆಲಸ. ಮೊಬೈಲಿನಲ್ಲಿ ಫೋಟೊ ತೆರೆದು ಅದನ್ನು ನೋಡಿ ಬರೆಯುವುದನ್ನು ನಾವು ನಿಷೇಧಿಸಿಲ್ಲ, ನಿಷೇಧಿಸಿದರೂ ಯಾರೂ ಕೇಳುವುದಿಲ್ಲ. ಆದರೆ ಮೊದಲ ಕ್ಲಾಸು ಅಲ್ಲಿಂದ ಶುರುವಾಗಬಾರದು. ಎರೆಭೂತದ ಪಾಠವನ್ನು ನಾವು ಹೀಗೆ ಮಾಡುತ್ತೇವೆ. ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಹಕ್ಕಿಯನ್ನು ಅದರ ನಿಜವಾದ ಅಳತೆಯಲ್ಲೇ ಬರೆಯುವುದು. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಹೆಚ್ಚು. ಒಂದು ರೆಕ್ಕೆಯ ತುದಿಯಿಂದ ಇನ್ನೊಂದು ರೆಕ್ಕೆಯ ತುದಿಗೆ ಮಕ್ಕಳು ಸಾಲಾಗಿ ಮಲಗಿದಾಗಲೇ ‘ಅಬ್ಬಾ’ ಎಂಬ ಉದ್ಗಾರ ಹೊರಡುವುದು. ಹಾಳೆಯ ಮೇಲೆ ಎಷ್ಟು ಚಂದ ಬರೆದರೂ ಅದು ಹೊರಡುವುದಿಲ್ಲ. ಆಮೇಲೆ ಒಬ್ಬ ಹುಡುಗ ಎರಡೂ ಅಂಗೈಗಳನ್ನು ಮೂಗಿನ ಎರಡು ಬದಿಗೆ ಅಡ್ಡ ಹಿಡಿದುಕೊಳ್ಳಬೇಕು, ಎದುರಿನದು ಕಾಣದಂತೆ, ಪಕ್ಕದ್ದು ಮಾತ್ರ ಕಾಣುವಂತೆ. ಎರೆಭೂತದ ಕಣ್ಣುಗಳು ತಲೆಯ ಎರಡು ಪಕ್ಕಕ್ಕಿವೆ, ಎದುರಿನ ನೋಟ ಕಿರಿದು. ಹುಲ್ಲಿನಲ್ಲಿ ನಿಂತಾಗ ನರಿ ಯಾವ ಕಡೆಯಿಂದ ಬಂದರೂ ಕಾಣುವ ಆ ಕಣ್ಣು ಹಾರುವಾಗ ಕೈಕೊಡುತ್ತದೆ. ಹುಡುಗ ಹಾಗೇ ನಡೆದು ಬರುವಾಗ ಇಬ್ಬರು ಗೆಳೆಯರು ಅಡ್ಡಲಾಗಿ ಒಂದು ತೆಳು ದಾರ ಹಿಡಿದಿರುತ್ತಾರೆ. ದಾರ ಎದೆಗೆ ತಾಗುವವರೆಗೂ ಅವನಿಗೆ ಗೊತ್ತಾಗುವುದಿಲ್ಲ. 15 ಕಿಲೋ ಭಾರದ ಹಕ್ಕಿಗೆ ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ತಿರುಗಲೂ ಆಗದು ಎಂದು ಹೇಳಿ ಅಲ್ಲಿಗೆ ಮಾತು ನಿಲ್ಲಿಸಿದರಾಯಿತು. ವಿದ್ಯುತ್ ತಂತಿ ಈ ಹಕ್ಕಿಯನ್ನು ಹೇಗೆ ಕೊಲ್ಲುತ್ತದೆ ಎಂದು ಮತ್ತೆ ಭಾಷಣ ಮಾಡಬೇಕಾಗಿಲ್ಲ. ಚಿತ್ರ ಬರೆಯಿಸುವುದು ಇದೆಲ್ಲ ಆದ ಮೇಲೆ. ಆಗ ಆ ಚಿತ್ರದಲ್ಲಿ ಭೂಗೋಳ ಬರುವುದಿಲ್ಲ, ತಂತಿ ಬರುತ್ತದೆ.

ಮೂರನೆಯದೇ ನಮಗೆ ಎಲ್ಲಕ್ಕಿಂತ ಮುಖ್ಯ. ಬರೆದ ಪ್ರತಿ ಚಿತ್ರಕ್ಕೂ ಒಂದು ವಿಳಾಸ ಇರಬೇಕು. ಯಾರು ಏನು ಮಾಡಿದರೆ ಈ ಪ್ರಾಣಿ ಉಳಿದೀತು? ಆ ‘ಯಾರು’ ಯಾರೆಂದು ಮಗುವಿಗೆ ಗೊತ್ತಿರಬೇಕು, ಚಿತ್ರ ಅವರ ಕಣ್ಣ ಮುಂದೆ ಹೋಗಿ ನಿಲ್ಲಬೇಕು. ಶಾಲೆಯ ಕಾರಿಡಾರಿನಲ್ಲಿ ತೂಗುಹಾಕಿದರೆ ನೋಡುವವರು ಅದೇ ಮಕ್ಕಳು, ಅದೇ ಮೇಷ್ಟ್ರುಗಳು. ಮನವೊಲಿಸಬೇಕಾದವರು ಆ ಕಾರಿಡಾರಿಗೆ ಬರುವುದಿಲ್ಲ.

ರಣಹದ್ದಿನ ಕತೆ ಇದಕ್ಕೆ ಹೇಳಿ ಮಾಡಿಸಿದಂತಿದೆ. 1990ರ ದಶಕದಲ್ಲಿ ಭಾರತದ ರಣಹದ್ದುಗಳು ಲಕ್ಷಗಟ್ಟಲೆ ಸತ್ತವು. ಬಿಳಿಬೆನ್ನಿನ ರಣಹದ್ದಿನ ಸಂಖ್ಯೆ 1992ರಿಂದ 2007ರೊಳಗೆ ಶೇ 99.9ರಷ್ಟು ಕುಸಿಯಿತು. ರೋಗವಿರಬೇಕೆಂದು ಹುಡುಕಿದರು. 2004ರ ಹೊತ್ತಿಗೆ ನಿಜ ಕಾರಣ ಹೊರಬಿತ್ತು: ದನಗಳಿಗೆ ಕೊಡುವ ಡೈಕ್ಲೋಫಿನಾಕ್ ಎಂಬ ನೋವಿನ ಔಷಧ. ಆ ಔಷಧ ಕೊಟ್ಟ ದನ ಬೇಗ ಸತ್ತರೆ, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ದಿನಗಳಲ್ಲಿ ಅದೂ ಸಾಯುತ್ತದೆ. 2006ರಲ್ಲಿ ದನಗಳಿಗೆ ಕೊಡುವ ಡೈಕ್ಲೋಫಿನಾಕ್ ನಿಷೇಧವಾಯಿತು. ಮನುಷ್ಯರಿಗೆಂದು ತಯಾರಾದ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರುತ್ತಿದ್ದುದರಿಂದ 2015ರಲ್ಲಿ ಇಂಜೆಕ್ಷನ್ ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫಿನಾಕ್‌ಗಳನ್ನೂ ದನಗಳಿಗೆ ಕೊಡದಂತೆ ನಿಷೇಧಿಸಿದರು. ಮೆಲಾಕ್ಸಿಕಾಮ್ ಕೊಟ್ಟರೆ ದನದ ನೋವೂ ಇಳಿಯುತ್ತದೆ, ಹದ್ದಿಗೂ ತೊಂದರೆಯಿಲ್ಲ.

ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಅಭಯಾರಣ್ಯವಾಯಿತು, ದೇಶದಲ್ಲೇ ಅಂಥ ಮೊದಲನೆಯದು. ‘ಶೋಲೆ’ ಚಿತ್ರೀಕರಣ ನಡೆದ ಜಾಗವೆಂದು ಬರುವವರೇ ಈಗಲೂ ಜಾಸ್ತಿ, ಇರಲಿ. ಆದರೆ ರಣಹದ್ದು ಅಭಯಾರಣ್ಯದ ಗಡಿ ನೋಡಿಕೊಂಡು ಹಾರುವುದಿಲ್ಲ. ಅದರ ಸಾವು-ಬದುಕು ನಿರ್ಧಾರವಾಗುವುದು ಸುತ್ತಲಿನ ಊರುಗಳ ಕೊಟ್ಟಿಗೆಯಲ್ಲಿ. ಹಾಗಾದರೆ ರಾಮನಗರದ ಮಗುವಿನ ಚಿತ್ರ ಎಲ್ಲಿ ಅಂಟಬೇಕು? ಹಾಲಿನ ಡೈರಿಯ ಗೋಡೆಗೆ. ಬೆಳಿಗ್ಗೆ ಸಂಜೆ ಊರಿನ ದನ ಕಟ್ಟಿದವರೆಲ್ಲ ಕ್ಯಾನು ಹಿಡಿದು ಸಾಲು ನಿಲ್ಲುವುದು ಅಲ್ಲಿ. ಪಶು ಆಸ್ಪತ್ರೆಯ ಬಾಗಿಲಿಗೆ ಇನ್ನೊಂದು, ಔಷಧದಂಗಡಿಯ ಕೌಂಟರಿಗೆ ಮತ್ತೊಂದು. ಚಿತ್ರದಲ್ಲಿ ಹದ್ದು ಅಳಬೇಕಾಗಿಲ್ಲ. ದನ, ಸೂಜಿ, ಹದ್ದು, ಈ ಮೂರರ ನಂಟು ಒಂದು ನೋಟಕ್ಕೆ ತಿಳಿದರೆ ಸಾಕು. ಕೆಳಗೆ ಒಂದು ಸಾಲು: ‘ಮೆಲಾಕ್ಸಿಕಾಮ್ ಕೇಳಿ ತಗೊಳ್ಳಿ.’ ಇಷ್ಟು ಮಾಡಿದ ಮಗುವಿಗೆ ‘ಅಡ್ವೊಕಸಿ’ ಎಂದರೇನೆಂದು ಬೇರೆ ಹೇಳಿಕೊಡಬೇಕಾಗಿಲ್ಲ.

ಬೇರೆ ಪ್ರಾಣಿಗಳಿಗೆ ಬೇರೆ ವಿಳಾಸ. ಎರೆಭೂತದ ಚಿತ್ರ ವಿದ್ಯುತ್ ಕಂಪನಿಯ ಕಚೇರಿಗೆ ಹೋಗಬೇಕು, ತಂತಿಗೆ ಮಿನುಗುವ ಬಿಲ್ಲೆಗಳನ್ನು ತೂಗುಹಾಕಿ ಎಂಬ ಕೋರಿಕೆಯೊಂದಿಗೆ. ಸುಪ್ರೀಂ ಕೋರ್ಟು 2021ರಲ್ಲಿ ರಾಜಸ್ಥಾನ, ಗುಜರಾತಿನ ತಂತಿಗಳನ್ನು ನೆಲದಡಿಗೆ ಹಾಕಿ ಎಂದಿತ್ತು, 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಆ ತಂತಿಗಳು ಸಾಗಿಸುವ ಸೌರವಿದ್ಯುತ್ತೂ ಬೇಕು, ಹಕ್ಕಿಯೂ ಬೇಕು ಎಂಬ ಈ ತೊಡಕನ್ನು ಮಕ್ಕಳಿಂದ ಮುಚ್ಚಿಡಬಾರದು. ಬಿಳಿಮೀನಿನ ಚಿತ್ರ ಸಿಡಿಮದ್ದು ಹಾಕಿ ಮೀನು ಹಿಡಿಯುವ ಮಡುವಿನ ಪಕ್ಕದ ಊರಿಗೆ. ಇನ್ನು ಎಲ್ಲಕ್ಕೂ ಒದಗುವ ವಿಳಾಸ ಗ್ರಾಮ ಪಂಚಾಯಿತಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ-ಪ್ರಾಣಿಗಳ ದಾಖಲೆ ಪುಸ್ತಕವೂ ಇರಬೇಕು. ಆ ಪುಸ್ತಕ ಎಲ್ಲಿದೆ ಎಂದು ಹೋಗಿ ಕೇಳುವುದು ನಮ್ಮ ಮಕ್ಕಳ ಒಂದು ಪ್ರಾಜೆಕ್ಟು. ಸಿಕ್ಕರೆ ಅದರಲ್ಲಿ ಚಿತ್ರ ಸೇರಿಸುತ್ತಾರೆ, ಸಿಗದಿದ್ದರೆ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ಕೇಳುತ್ತಾರೆ. ಪಿಡಿಒಗಳು ಬೇಸರಪಟ್ಟುಕೊಳ್ಳಬಾರದು.

ಕಲೆಯಿಂದ ಇಂಥದ್ದೆಲ್ಲ ಆಗುತ್ತದೆಯೇ ಎಂದು ಅನುಮಾನಿಸುವವರು ಅಸ್ಸಾಮಿನ ಕಡೆ ನೋಡಬೇಕು. ಹರ್ಗಿಲಾ ಎಂಬ ದೊಡ್ಡ ಕೊಕ್ಕರೆಯನ್ನು ಅಲ್ಲಿನ ಜನ ಹೊಲಸು, ಅಪಶಕುನ ಎಂದು ಗೂಡಿದ್ದ ಮರವನ್ನೇ ಕಡಿಯುತ್ತಿದ್ದರು. ಜೀವವಿಜ್ಞಾನಿ ಪೂರ್ಣಿಮಾ ದೇವಿ ಬರ್ಮನ್ ಊರಿನ ಹೆಂಗಸರನ್ನು ಕೂಡಿಸಿದರು. ಮಗ್ಗದ ಬಟ್ಟೆಯಲ್ಲಿ ಹರ್ಗಿಲಾದ ಅಚ್ಚು ಮೂಡಿತು, ಹಕ್ಕಿಗೆ ಸೀಮಂತವೂ ನಡೆಯಿತು. ಮೈಮೇಲೆ ಹೊದ್ದ ಹಕ್ಕಿಯ ಮರ ಕಡಿಯಲು ಯಾರಿಗೆ ಮನಸ್ಸು ಬಂದೀತು? ಅಳಿವಿನಂಚಿನ ಪಟ್ಟಿಯಲ್ಲಿದ್ದ ಹರ್ಗಿಲಾ 2023ರಲ್ಲಿ ಅಪಾಯ ಕಡಿಮೆಯಿರುವ ಪಟ್ಟಿಗೆ ಸರಿಯಿತು. ಅದರಲ್ಲಿ ಬೇರೆ ಕಾರಣಗಳ ಪಾಲೂ ಇದ್ದೀತು. ಮಗ್ಗದ ಪಾಲನ್ನು ಮಾತ್ರ ಅಲ್ಲಗಳೆಯುವಂತಿಲ್ಲ.

ನಮ್ಮಲ್ಲಿ ಕಲೆಗೇನು ಬರವೇ? ಬಳ್ಳಾರಿ ಹತ್ತಿರದ ಸಂಗನಕಲ್ಲು-ಕಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದವರು ಬಂಡೆ ಕುಟ್ಟಿ ಕೊಂಬಿನ ಗೂಳಿಗಳನ್ನು ಬರೆದಿದ್ದಾರೆ. ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣು, ಅಕ್ಕಿ ಹಿಟ್ಟು, ಪುಂಡಿ ನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ತೊಗಲುಗೊಂಬೆಯ ಜಟಾಯು ಪರದೆಯ ಹಿಂದೆ ಹಾರಿ ಬಿದ್ದು ಸಾಯುವುದನ್ನು ಎಷ್ಟು ತಲೆಮಾರು ನೋಡಿಲ್ಲ! ಕೊಪ್ಪಳ ಜಿಲ್ಲೆಯ ಹಿರಿಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಇಂಥ ಕಲಾವಿದರು ಶಾಲೆಗೆ ಬರಬೇಕು. ಬಂದರೆ ಹಾರ-ಶಾಲು ಹಾಕಿ ಕಳಿಸುವಂತಿಲ್ಲ. ದಿನಗೂಲಿ, ಬಸ್ ಚಾರ್ಜು, ಊಟ ಮೊದಲು. ನಮ್ಮ ಬಳಗದ ಲೆಕ್ಕಪುಸ್ತಕದಲ್ಲಿ ಬಣ್ಣಕ್ಕಿಂತ ಮೊದಲಿನ ಕಲಂ ಅದೇ. ಅವರ ಕಲೆಯನ್ನು ಪೋಸ್ಟರಿನ ಅಂಚಿಗೆ ಅಲಂಕಾರವಾಗಿ ಅಂಟಿಸಿಕೊಳ್ಳುವುದಕ್ಕೂ ನಾವು ಒಪ್ಪುವುದಿಲ್ಲ. ಚಿತ್ತಾರದಲ್ಲಿ ಸಿಂಗಳೀಕ ಬರಬಹುದೋ ಬಾರದೋ ಎಂದು ತೀರ್ಮಾನಿಸುವವರು ಚಿತ್ತಾರ ಬರೆಯುವವರು.

ಈಗಾಗಲೇ ಅಳಿದುಹೋದವುಗಳ ಮಾತು. ಸಿವಂಗಿ, ಎಂದರೆ ಚೀತಾ, ಕರ್ನಾಟಕಕ್ಕೆ ಹೊರಗಿನದಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಸಿವಂಗಿ ಬಿಟ್ಟು ಬೇಟೆಯಾಡುವುದನ್ನು ಹೇಳುತ್ತಾನೆ. ಟಿಪ್ಪುವಿನ ಬಳಿಯೂ ಬೇಟೆಯ ಸಿವಂಗಿಗಳಿದ್ದವು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಬ್ರಿಟಿಷರ ಕೈಸೇರಿದವು. ಕಣ್ಣಿಗೆ ಪಟ್ಟಿ ಕಟ್ಟಿ ಎತ್ತಿನ ಗಾಡಿಯಲ್ಲಿ ಬಯಲಿಗೆ ಒಯ್ದು ಕೃಷ್ಣಮೃಗದ ಮೇಲೆ ಬಿಡುತ್ತಿದ್ದರು. 1947ರಲ್ಲಿ ಈಗಿನ ಛತ್ತೀಸಗಡದ ಕೋರಿಯಾ ಸಂಸ್ಥಾನದಲ್ಲಿ ಮೂರನ್ನು ಒಂದೇ ರಾತ್ರಿ ಹೊಡೆದುರುಳಿಸಿದ್ದೇ ನಮ್ಮ ಕೊನೆಯ ಖಚಿತ ದಾಖಲೆ. 1952ರಲ್ಲಿ ಭಾರತದಲ್ಲಿ ಸಿವಂಗಿ ನಿರ್ನಾಮವಾಯಿತೆಂದು ಘೋಷಿಸಿದರು. 2022ರಲ್ಲಿ ಮಧ್ಯಪ್ರದೇಶದ ಕೂನೋ ಕಾಡಿಗೆ ಬಂದಿಳಿದವು ಆಫ್ರಿಕಾದವು. ಇದಕ್ಕೆ ನಾವು ಮಾಡಿಸುವ ಚಿತ್ರದಲ್ಲಿ ಗಾಡಿ, ಎತ್ತು, ಓಡುವ ಕೃಷ್ಣಮೃಗ, ಏಳುವ ಧೂಳು ಎಲ್ಲವೂ ಇರುತ್ತದೆ. ಸಿವಂಗಿಯಿದ್ದ ಜಾಗ ಬರೀ ಬಿಳಿ ಹಾಳೆ. ‘ಇಲ್ಲಿ ಏನಿತ್ತು ಮಿಸ್?’ ಎಂದು ಒಂದು ಮಗುವಾದರೂ ಕೇಳದೆ ಇರುವುದಿಲ್ಲ.

ಆದರೆ ಮಕ್ಕಳನ್ನು ಹೆದರಿಸಬಾರದು. ‘ನೀವು ದೊಡ್ಡವರಾಗುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ’ ಎನ್ನುವ ಭಾಷಣಕಾರರನ್ನು ದಯವಿಟ್ಟು ನಮ್ಮ ಕಾರ್ಯಕ್ರಮಕ್ಕೆ ಕರೆಯಬೇಡಿ. ಎಂಟು ವರ್ಷದ ಮಗುವಿನ ತಲೆಗೆ ಪಾಪದ ಗಂಟು ಕಟ್ಟುವುದರಿಂದ ಒಂದು ಕಪ್ಪೆಯೂ ಉಳಿಯುವುದಿಲ್ಲ.

ಅದಕ್ಕಿಂತ ಸೂಕ್ಷ್ಮದ್ದು ಇನ್ನೊಂದಿದೆ. ಸಕಲೇಶಪುರ, ಆಲೂರು ಕಡೆಯ ಮಗುವಿಗೆ ಆನೆ ಎಂದರೆ ಒಂದೇ ರಾತ್ರಿಯಲ್ಲಿ ತುಳಿದುಹೋದ ಗದ್ದೆ, ಕೆಲವು ಮನೆಗಳಲ್ಲಿ ಅದಕ್ಕಿಂತ ದೊಡ್ಡ ನಷ್ಟ. ಆ ಮಗು ಆನೆಯನ್ನು ಕೆಂಪು ಕಣ್ಣಿನ ರಾಕ್ಷಸನಂತೆ ಬರೆದರೆ ಅದನ್ನು ತಿದ್ದುವ ಹಕ್ಕು ನಮಗಿಲ್ಲ. ಆ ಚಿತ್ರವನ್ನೂ ಉಳಿದವುಗಳ ಜೊತೆಗೇ ತೂಗುಹಾಕಬೇಕು, ಅರಣ್ಯ ಇಲಾಖೆಯವರಿಗೂ ತೋರಿಸಬೇಕು. ಪ್ರಾಣಿಯ ಪರ ಮಾತಾಡು ಎಂದು ಮಕ್ಕಳಿಗೆ ಸಾಲು ಬರೆದುಕೊಟ್ಟು ಬಾಯಿಪಾಠ ಮಾಡಿಸುವುದಾದರೆ ಅದು ಜಾಥಾದ ಘೋಷಣೆಯಾಗುತ್ತದೆ. ಇದೇ ರೀತಿ ಕುರಿ ಮೇಯಿಸುವ ಮನೆಯ ಮಕ್ಕಳು: ಹುಲ್ಲುಗಾವಲಿನ ಬಗ್ಗೆ ಅವರಿಗೆ ಮೇಷ್ಟ್ರಿಗಿಂತ ಹೆಚ್ಚು ಗೊತ್ತು. ಎರೆಭೂತದ ಕ್ಲಾಸಿನಲ್ಲಿ ಸೀಮೆಸುಣ್ಣ ಮೊದಲು ಅವರ ಕೈಗೆ.

ನಮಗೆ ನಾವೇ ಹಾಕಿಕೊಂಡ ಕೆಲವು ಕಟ್ಟುಗಳಿವೆ. ಸ್ಪರ್ಧೆಯಿಲ್ಲ, ಅಂಕವಿಲ್ಲ, ಮೊದಲ ಬಹುಮಾನವಿಲ್ಲ. ಥರ್ಮೊಕೋಲು, ಮಿಂಚಿನ ಪುಡಿ, ಫ್ಲೆಕ್ಸ್ ಬೇಡ. ಉದ್ಘಾಟನೆಗೆ ಗಣ್ಯರನ್ನು ಕಾಯುವುದಿಲ್ಲ. ಇವುಗಳಲ್ಲಿ ಒಂದೆರಡನ್ನು ಸಡಿಲಿಸಿದರೂ ನಡೆದೀತು. ಆದರೆ ಗೂಡಿನ ವಿಚಾರದಲ್ಲಿ ರಿಯಾಯಿತಿಯಿಲ್ಲ. ಎರೆಭೂತ, ರಣಹದ್ದು, ನೀರುನಾಯಿ ಯಾವುದರ ಗೂಡಿನ ಜಾಗವನ್ನೂ ಚಿತ್ರದಲ್ಲಿ ಗುರುತು ಸಿಗುವಂತೆ ಬರೆಯಬಾರದು, ಮೊಬೈಲಿನಲ್ಲಿ ಹಂಚಬಾರದು, ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಾರದು. ಮೊಟ್ಟೆ ಬಿಟ್ಟೆದ್ದ ತಾಯಿ ತಿರುಗಿ ಬರುವಷ್ಟರಲ್ಲಿ ಕಾಗೆಗೆ ಸಮಯ ಸಿಕ್ಕಿರುತ್ತದೆ.

ಶಿಕ್ಷಣ ಇಲಾಖೆಗೆ ನಮ್ಮ ಬೇಡಿಕೆ ಉದ್ದವಿಲ್ಲ. ಅನೇಕ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರೇ ಇಲ್ಲ, ಆ ಪಿರಿಯಡ್ಡಿನಲ್ಲಿ ಗಣಿತ ನಡೆಯುತ್ತದೆ. ಹುದ್ದೆ ತುಂಬಿ. ತುಂಬುವವರೆಗೆ ವಾರಕ್ಕೊಂದು ಪಿರಿಯಡ್ಡನ್ನಾದರೂ ಯಾರೂ ಕಸಿಯದಂತೆ ಉಳಿಸಿಕೊಡಿ. ಸಪ್ತಾಹದ ಸುತ್ತೋಲೆಯಲ್ಲಿ ‘ಪೋಸ್ಟರ್ ಸ್ಪರ್ಧೆ’ ಎಂದಿರುವ ಜಾಗದಲ್ಲಿ ‘ತಾಲ್ಲೂಕಿನ ಪ್ರಾಣಿ’ ಎಂದು ತಿದ್ದಿ. ಇದಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆಯೂ ಬೇಕಾಗಲಿಕ್ಕಿಲ್ಲ.

ಬಳಗ ಸೇರಲು ಶುಲ್ಕವಿಲ್ಲ, ಫಾರಂ ಇಲ್ಲ. ಬರುವ ಅಕ್ಟೋಬರಿಗೆ ಮೊದಲು ನಿಮ್ಮ ತಾಲ್ಲೂಕಿನ ಪ್ರಾಣಿ ಯಾವುದೆಂದು ಮಕ್ಕಳ ಜೊತೆ ಕೂತು ಆರಿಸಿ. ಅದು ಕಡಿಮೆಯಾಗಲು ಕಾರಣವೇನೆಂದು ಊರಿನ ಹಿರಿಯರನ್ನೂ ಪಶುವೈದ್ಯರನ್ನೂ ಫಾರೆಸ್ಟ್ ಗಾರ್ಡನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಮೂವರೂ ಮೂರು ಕಾರಣ ಹೇಳಿದರೆ ಮೂರನ್ನೂ ಬರೆದುಕೊಳ್ಳಿ, ಹೊಂದಿಸಲು ಹೋಗಬೇಡಿ. ಬೀರುವಿನ ಮೇಲಿನ ಹಳೇ ಸುರುಳಿಗಳನ್ನು ಎಸೆಯಬೇಡಿ, ಹಿಂಬದಿ ಖಾಲಿ ಇದೆ.